ಸರ್ವರ್‌ಲೆಸ್ ಫಂಕ್ಷನ್ ಕರೆ

ಮೊಬೈಲ್ ಆ್ಯಪ್ ತನ್ನೊಳಗೇ ಮಾಡಬಾರದ ಕೆಲಸವನ್ನು ಕ್ಲೌಡ್‌ನಲ್ಲಿರುವ ಚಿಕ್ಕ ಪ್ರೋಗ್ರಾಮ್ ಒಂದಕ್ಕೆ ಒಪ್ಪಿಸಿ ಉತ್ತರ ಪಡೆಯುವ ವಿಧಾನ. ಈ ಪ್ರೋಗ್ರಾಮನ್ನು ಫಂಕ್ಷನ್ ಎನ್ನುತ್ತಾರೆ. ಅದು ಓಡುವ ಸರ್ವರನ್ನು ನೋಡಿಕೊಳ್ಳುವ ಹೊಣೆ ಕ್ಲೌಡ್ ಸಂಸ್ಥೆಯದು. ಕರೆ ಬಂದಾಗ ಫಂಕ್ಷನ್ ಎಚ್ಚೆತ್ತು ಓಡುತ್ತದೆ. ಕರೆಗಳು ಹೆಚ್ಚಿದರೆ ಅದರ ಪ್ರತಿಗಳೂ ತಾವಾಗಿಯೇ ಹೆಚ್ಚುತ್ತವೆ.

ಬೆಳೆದು ಬಂದ ಬಗೆ

ಅಮೆಜಾನ್ 2014ರ ನವೆಂಬರ್‌ನಲ್ಲಿ ಲ್ಯಾಂಬ್ಡಾ ಸೇವೆಯನ್ನು ಪ್ರಕಟಿಸಿದ ಮೇಲೆ ಈ ಪದ್ಧತಿ ವ್ಯಾಪಕವಾಯಿತು. ಮೈಕ್ರೋಸಾಫ್ಟ್‌ನ ಅಜೂರ್ ಫಂಕ್ಷನ್ಸ್ 2016ರಲ್ಲಿ ಬಂತು. ಗೂಗಲ್ 2014ರಲ್ಲಿ ಕೊಂಡುಕೊಂಡ ಆ್ಯಪ್ ನಿರ್ಮಾಣ ವೇದಿಕೆ ಫೈರ್‌ಬೇಸ್‌ಗೆ 2017ರಲ್ಲಿ ಕ್ಲೌಡ್ ಫಂಕ್ಷನ್ಸ್ ಸೇರಿತು. ಮರುವರ್ಷ, ಆ್ಯಪ್‌ನಿಂದ ನೇರವಾಗಿ ಹೆಸರು ಹಿಡಿದು ಕರೆಯಬಹುದಾದ ‘ಕಾಲೆಬಲ್’ ಫಂಕ್ಷನ್‌ಗಳು ಬಂದವು. ಈ ಲೇಖನದ ವಿವರಗಳು ಮುಖ್ಯವಾಗಿ ಇವುಗಳಿಗೆ ಸಂಬಂಧಿಸಿವೆ.

ಕರೆ ನಡೆಯುವ ರೀತಿ

ಆ್ಯಪ್ ಬರೆಯುವವರಿಗೆ ಇದು ಒಂದೆರಡು ಸಾಲಿನ ಕೋಡ್: ಫಂಕ್ಷನ್‌ನ ಹೆಸರು, ಕಳುಹಿಸಬೇಕಾದ ಮಾಹಿತಿ. ಒಳಗೆ ನಡೆಯುವುದು ಎಚ್‌ಟಿಟಿಪಿಎಸ್ ಮೂಲಕ ಒಂದು ಪೋಸ್ಟ್ ರಿಕ್ವೆಸ್ಟ್. ಮಾಹಿತಿ ಜೇಸನ್ ರೂಪದಲ್ಲಿ ‘ಡೇಟಾ’ ಎಂಬ ಹೆಸರಿನಡಿ ಹೋಗುತ್ತದೆ. ಉತ್ತರ ‘ರಿಸಲ್ಟ್’ ಅಥವಾ ‘ಎರರ್’ ಆಗಿ ಮರಳುತ್ತದೆ. ಬಳಕೆದಾರರು ಲಾಗಿನ್ ಆಗಿದ್ದರೆ ಅವರ ಗುರುತಿನ ಟೋಕನ್ ಕೂಡ ಹೆಡರ್‌ನಲ್ಲಿ ಜೊತೆಗೇ ಹೋಗುತ್ತದೆ. ಈ ಟೋಕನ್‌ನ ಆಯುಷ್ಯ ಒಂದು ಗಂಟೆ. ಫಂಕ್ಷನ್ ಓಡುವ ಮೊದಲೇ ಟೋಕನ್‌ನ ಪರಿಶೀಲನೆ ಮುಗಿದಿರುತ್ತದೆ.

ಆದರೆ ಲಾಗಿನ್ ಆಗದವರ ಕರೆಯನ್ನು ವ್ಯವಸ್ಥೆ ತಾನಾಗಿ ತಡೆಯುವುದಿಲ್ಲ. ಗುರುತಿನ ಜಾಗ ಖಾಲಿಯಿದ್ದರೂ ಫಂಕ್ಷನ್ ಓಡುತ್ತದೆ. ಆ ಜಾಗವನ್ನು ನೋಡಿ ‘ಅನ್‌ಆಥೆಂಟಿಕೇಟೆಡ್’ ಎಂಬ ದೋಷ ಹಿಂತಿರುಗಿಸುವುದು ಕೋಡ್ ಬರೆಯುವವರ ಕರ್ತವ್ಯ. ಕರೆ ಅಸಲಿ ಆ್ಯಪ್‌ನಿಂದಲೇ ಬಂದಿದೆಯೇ ಎಂದು ನೋಡಲು ‘ಆ್ಯಪ್ ಚೆಕ್’ ಎಂಬ ಬೇರೆಯೇ ಸೌಲಭ್ಯವಿದೆ. ಅದನ್ನೂ ಬೇಕೆಂದೇ ಕಡ್ಡಾಯಗೊಳಿಸಬೇಕು.

ಉದಾಹರಣೆ: ಹಣ ಪಾವತಿ

ಪುಸ್ತಕ ಮಾರುವ ಆ್ಯಪ್ ಒಂದು ಬೆಂಗಳೂರಿನ ಪಾವತಿ ಸಂಸ್ಥೆ ರೇಜರ್‌ಪೇ ಮೂಲಕ ಹಣ ಪಡೆಯುತ್ತದೆ ಎನ್ನೋಣ. ಆರ್ಡರ್ ಸೃಷ್ಟಿಸಲು ಆ ಸಂಸ್ಥೆ ಕೊಟ್ಟ ಗುಪ್ತ ಕೀ ಬೇಕು. ಅದನ್ನು ಆ್ಯಪ್‌ನೊಳಗೆ ಇಡಲೇಬಾರದು, ಏಕೆಂದರೆ ಆಂಡ್ರಾಯ್ಡ್ ಆ್ಯಪ್‌ನ ಎಪಿಕೆ ಫೈಲನ್ನು ಯಾರು ಬೇಕಾದರೂ ಬಿಚ್ಚಿ ಓದಬಹುದು. ಹಾಗಾಗಿ ಆ್ಯಪ್ ಫಂಕ್ಷನ್‌ಗೆ ಪುಸ್ತಕದ ಸಂಖ್ಯೆಯನ್ನಷ್ಟೇ ಕಳುಹಿಸುತ್ತದೆ, ಬೆಲೆಯನ್ನಲ್ಲ. ಫಂಕ್ಷನ್ ಡೇಟಾಬೇಸ್‌ನಿಂದ ಬೆಲೆ ತೆಗೆದುಕೊಂಡು ಪೈಸೆ ಲೆಕ್ಕದಲ್ಲಿ ಆರ್ಡರ್ ಮಾಡುತ್ತದೆ: 500 ರೂಪಾಯಿ ಅಲ್ಲಿ 50000. ಪಾವತಿಯಾದ ಮೇಲೆ ಆ್ಯಪ್‌ಗೆ ಪಾವತಿ ಸಂಖ್ಯೆಯ ಜೊತೆ ಒಂದು ಡಿಜಿಟಲ್ ಸಹಿ ಸಿಗುತ್ತದೆ. ಎರಡನೆಯ ಫಂಕ್ಷನ್ ಗುಪ್ತ ಕೀ ಬಳಸಿ ಆ ಸಹಿಯನ್ನು ತಾನೂ ಲೆಕ್ಕಹಾಕಿ, ಎರಡೂ ತಾಳೆಯಾದರೆ ಮಾತ್ರ ಪುಸ್ತಕವನ್ನು ಬಿಡುಗಡೆ ಮಾಡುತ್ತದೆ. ಫೋನ್ ಬಳಕೆದಾರರ ಕೈಯಲ್ಲಿರುವುದರಿಂದ ಅದರ ಮಾತನ್ನು ಕೋರಿಕೆಯೆಂದು ಮಾತ್ರ ಸ್ವೀಕರಿಸಿ, ತೀರ್ಮಾನವನ್ನು ಫಂಕ್ಷನ್‌ನಲ್ಲೇ ಮಾಡಬೇಕು. ಈ ಪದ್ಧತಿಯ ಜೀವಾಳ ಇದೇ.

ದೋಷ ಮತ್ತು ಮರುಕರೆ

ನಿಗದಿತ ದೋಷಸಂಕೇತದೊಂದಿಗೆ ಫಂಕ್ಷನ್ ವಿಫಲವಾದರೆ ಆ್ಯಪ್‌ಗೆ ಕಾರಣ ತಿಳಿಯುತ್ತದೆ. ಬೇರೆ ಯಾವುದೇ ದೋಷ ಬರೀ ‘ಇಂಟರ್ನಲ್’ ಎಂದು ತಲುಪುತ್ತದೆ. ಅದರ ವಿವರ ಸರ್ವರ್ ಲಾಗ್‌ನಲ್ಲಿ ಉಳಿಯುತ್ತದೆ.

ಉತ್ತರ ಬರಲಿಲ್ಲ ಎಂದರೆ ಕೆಲಸ ಆಗಲಿಲ್ಲ ಎಂದೇನೂ ಅಲ್ಲ. ಬಸ್ಸಿನಲ್ಲಿ ಸಿಗ್ನಲ್ ತಪ್ಪಿದಾಗ ಫಂಕ್ಷನ್ ಆರ್ಡರ್ ಸೃಷ್ಟಿಸಿ ಮುಗಿಸಿರಬಹುದು. ಬಳಕೆದಾರರು ಮತ್ತೆ ಗುಂಡಿ ಒತ್ತಿದರೆ ಎರಡನೆಯ ಆರ್ಡರ್ ಹುಟ್ಟುತ್ತದೆ. ಇದನ್ನು ತಡೆಯಲು ಆ್ಯಪ್ ಪ್ರತಿ ಖರೀದಿಗೂ ಒಂದು ವಿಶಿಷ್ಟ ಸಂಖ್ಯೆ ಕೊಟ್ಟು, ಮರುಪ್ರಯತ್ನದಲ್ಲೂ ಅದನ್ನೇ ಕಳುಹಿಸಬೇಕು. ಆ ಸಂಖ್ಯೆ ಈಗಾಗಲೇ ದಾಖಲಾಗಿದ್ದರೆ ಫಂಕ್ಷನ್ ಹಳೆಯ ಉತ್ತರವನ್ನೇ ಕೊಡುತ್ತದೆ.

ವೇಗ ಮತ್ತು ದೂರ

ಕೆಲಹೊತ್ತು ಕರೆಯಿಲ್ಲದಿದ್ದರೆ ಫಂಕ್ಷನ್‌ನ ಪ್ರತಿಗಳು ಮುಚ್ಚಿಕೊಳ್ಳುತ್ತವೆ. ಆಮೇಲಿನ ಮೊದಲ ಕರೆ ತಡವಾಗುತ್ತದೆ. ಇದಕ್ಕೆ ‘ಕೋಲ್ಡ್ ಸ್ಟಾರ್ಟ್’ ಎಂದು ಹೆಸರು. ಕನಿಷ್ಠ ಒಂದು ಪ್ರತಿಯನ್ನು ಸದಾ ಎಚ್ಚರವಾಗಿಡಬಹುದು, ಆದರೆ ಅದಕ್ಕೆ ಕರೆ ಬರದಿದ್ದರೂ ಬಿಲ್ ಬರುತ್ತದೆ. ಬೇರೇನೂ ಹೇಳದಿದ್ದರೆ ಫಂಕ್ಷನ್ ಅಮೆರಿಕದ ಅಯೋವಾದಲ್ಲಿ ನೆಲೆಸುತ್ತದೆ. ಭಾರತದ ಬಳಕೆದಾರರಿಗೆ ಮುಂಬೈ ಹತ್ತಿರ. ಫಂಕ್ಷನ್‌ನ ನೆಲೆ ಬದಲಿಸಿದಾಗ ಆ್ಯಪ್‌ನ ಕೋಡ್‌ನಲ್ಲೂ ಅದೇ ನೆಲೆಯನ್ನು ಬರೆಯಬೇಕು. ಮರೆತರೆ ಕರೆ ಹಳೆಯ ವಿಳಾಸಕ್ಕೇ ಹೋಗುತ್ತದೆ.

ಮಿತಿ

ನೆಟ್‌ವರ್ಕ್ ಇಲ್ಲದಾಗ ಫೈರ್‌ಬೇಸ್‌ನದೇ ಆದ ಫೈರ್‌ಸ್ಟೋರ್ ಡೇಟಾಬೇಸ್‌ಗೆ ಬರೆದದ್ದು ಫೋನಿನಲ್ಲಿ ಸಾಲುಗಟ್ಟಿ ಕಾಯುತ್ತದೆ. ಫಂಕ್ಷನ್ ಕರೆ ಹಾಗೆ ಕಾಯದೆ ವಿಫಲವಾಗುತ್ತದೆ. ಆದ್ದರಿಂದ ಟಿಪ್ಪಣಿ ಉಳಿಸುವಂಥ ಕೆಲಸಗಳನ್ನು ಡೇಟಾಬೇಸ್‌ಗೆ ಬಿಟ್ಟು, ಹಣ, ಗುಪ್ತ ಕೀ, ಇನ್ನೊಬ್ಬರ ಮಾಹಿತಿ ಒಳಗೊಂಡ ಕೆಲಸಗಳಿಗೆ ಫಂಕ್ಷನ್ ಕರೆಯನ್ನು ಬಳಸುವುದು ಸೂಕ್ತ.