ಹರಿಹರದ ಕಡವು ಮತ್ತು ಒಬ್ಬಾಳಿನ ದೋಣಿ

ದಾವಣಗೆರೆಗೆ ಸುಮಾರು 14 ಕಿಲೋಮೀಟರು ಪಶ್ಚಿಮದಲ್ಲಿ, ತುಂಗಭದ್ರೆಯ ಬಲದಂಡೆಯ ಮೇಲಿರುವ ಹರಿಹರವು ಇತಿಹಾಸಾಸಕ್ತರಿಗೆ ಮುಖ್ಯವಾಗಿ ತನ್ನ ದೇವಾಲಯದ ಮೂಲಕವೇ ಪರಿಚಿತವಾಗಿದೆ. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕನಾದ ಪೋಲಾಳ್ವನು 1224ರಲ್ಲಿ ಕಟ್ಟಿಸಿದ ಹರಿಹರೇಶ್ವರ ಗುಡಿ, 1268ರಲ್ಲಿ ಸೋಮ ದಂಡನಾಯಕನು ಅದಕ್ಕೆ ಮಾಡಿಸಿದ ಸೇರ್ಪಡೆಗಳು, ಅಲ್ಲಿನ ಶಾಸನಸಮೂಹ, ಇವು ವಿದ್ವಾಂಸರ ಗಮನವನ್ನು ಸೆಳೆದಿರುವುದು ಸಹಜವೇ. ಆದರೆ ಗುಡಿಗೆ ಬಂದ ಯಾತ್ರಿಕನೂ ಪೇಟೆಗೆ ಬಂದ ವರ್ತಕನೂ ಆಚೆಯ ದಡದಿಂದ ಈಚೆಗೆ ಬಂದುದು ಹೇಗೆಂಬ ಪ್ರಶ್ನೆಗೆ ಅಷ್ಟು ಗಮನ ದೊರೆತಿಲ್ಲ. ಆ ಕಡವನ್ನೂ ಅಲ್ಲಿ ನಡೆದ ದೋಣಿಯನ್ನೂ ಕುರಿತು ಕೆಲವು ಮಾತುಗಳನ್ನು ಹೇಳುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಈ ವಿಚಾರಕ್ಕೆ ಪ್ರೇರಣೆ ಇಂದಿನ ಒಂದು ಪ್ರಶ್ನೆ. ಪ್ರಾಯದಲ್ಲಿ ಎನ್.ಸಿ.ಸಿ.ಯ ನೌಕಾವಿಭಾಗದಲ್ಲಿಯೋ ಸೈನ್ಯದಲ್ಲಿಯೋ ಹಾಯಿ ಹಿಡಿಯಲು ಕಲಿತು, ಬಳಿಕ ಸಂಸಾರ ಉದ್ಯೋಗಗಳ ನಡುವೆ ಅದನ್ನು ಬಿಟ್ಟವನೊಬ್ಬನು ನಡುವಯಸ್ಸಿನಲ್ಲಿ ಮತ್ತೆ ನೀರಿಗಿಳಿಯಬೇಕೆಂದು ಬಯಸಿದರೆ, ಒಬ್ಬನೇ ನಡೆಸಬಹುದಾದ ಯಾವ ದೋಣಿಯನ್ನು ಆರಿಸಬೇಕು, ಯಾವ ಕ್ಲಬ್ಬನ್ನು ಸೇರಬೇಕು? ಮೇಲುನೋಟಕ್ಕೆ ಇದು ಕೇವಲ ಕ್ರೀಡೆಗೆ ಸಂಬಂಧಿಸಿದ ಮಾತಾಗಿ ತೋರುತ್ತದೆ. ಆದರೆ ದೋಣಿಯನ್ನು ನಿರ್ಣಯಿಸುವುದು ಏನು ಎಂಬ ಮೂಲಪ್ರಶ್ನೆಗೆ ನಮ್ಮ ಹೊಳೆಯ ಜನ ಬಹು ಹಿಂದೆಯೇ ಉತ್ತರ ಕೊಟ್ಟಿದ್ದಾರೆ. ಆ ಉತ್ತರದ ಹೆಸರು ಹರಿಗೋಲು.

ಹರಿಗೋಲಿನ ರಚನೆ ಸರಳವಾದುದು. ಬಿದಿರಿನ ದಬ್ಬೆಗಳನ್ನು ಬುಟ್ಟಿಯಂತೆ ದುಂಡಗೆ ಹೆಣೆದು, ಹೊರಮೈಗೆ ಹದಮಾಡಿದ ತೊಗಲನ್ನು ಹೊದಿಸುತ್ತಿದ್ದರು. ಈಚೆಗೆ ತೊಗಲಿನ ಸ್ಥಾನವನ್ನು ಡಾಂಬರು ಬಳಿದ ಚೀಲವೂ ಪ್ಲಾಸ್ಟಿಕ್ ಹಾಳೆಯೂ ಆಕ್ರಮಿಸಿವೆ. ಸುಮಾರು 1520ರಲ್ಲಿ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಇದೇ ನದಿಯ ಕೆಳಹರಿವಿನಲ್ಲಿ ಆನೆಗೊಂದಿಯ ಬಳಿ ಇಂಥ ದೋಣಿಗಳನ್ನು ವರ್ಣಿಸಿದ್ದಾನೆ. ಒಳಗೆ ಬೆತ್ತ, ಹೊರಗೆ ತೊಗಲು. ಹದಿನೈದು ಇಪ್ಪತ್ತು ಜನ ಹಿಡಿಸುವಷ್ಟು ದೊಡ್ಡದು. ನೆಟ್ಟಗೆ ಸಾಗದೆ ಸುತ್ತುತ್ತಲೇ ಸಾಗುವಂಥದು. ಈ ರಾಜ್ಯದ ಹೊಳೆಗಳಲ್ಲಿ ಇದನ್ನು ಬಿಟ್ಟರೆ ಬೇರೆ ದೋಣಿಯಿಲ್ಲ ಎಂಬುದು ಅವನ ಹೇಳಿಕೆಯ ಸಾರಾಂಶ. ಕಡಲ ನಾಡಿನಿಂದ ಬಂದವನಿಗೆ ಈ ಸುತ್ತುವಿಕೆ ವಿಚಿತ್ರವಾಗಿ ಕಂಡುದರಲ್ಲಿ ಆಶ್ಚರ್ಯವಿಲ್ಲ.

ಆದರೆ ಅವನಿಗೆ ಕೊರತೆಯೆಂದು ತೋರಿದ್ದು ಈ ಹೊಳೆಯಲ್ಲಿ ಗುಣವೇ ಆಗಿತ್ತು. ತುಂಗಭದ್ರೆಯು ಮುಂಗಾರಿನಲ್ಲಿ ದಡ ತುಂಬಿ ಹರಿಯುತ್ತದೆ. ಬೇಸಗೆಯಲ್ಲಿ ಬಂಡೆಗಳ ನಡುವೆ ಕವಲಾಗಿ ಸಣ್ಣಗೆ ಹರಿಯುತ್ತದೆ. ನೀಳವಾದ ದೋಣಿಯ ಅಡಿಮರ ಇಂಥ ಕಡೆ ಬಂಡೆಗೆ ತಾಗಿ ಒಡೆಯುವ ಭಯವುಂಟು. ಹರಿಗೋಲಿಗೆ ಅಡಿಮರವೇ ಇಲ್ಲ. ಅದಕ್ಕೆ ಗೇಣುದ್ದದ ನೀರು ಸಾಕು. ಬಂಡೆ ತಾಗಿದರೆ ಬಳುಕಿ ಜಾರುತ್ತದೆ. ಸುಳಿ ಹಿಡಿದರೆ ಸುತ್ತುತ್ತಲೇ ಹೊರಬರುತ್ತದೆ. ಸಣ್ಣ ಹರಿಗೋಲನ್ನು ಒಬ್ಬನೇ ಒಂದು ಹುಟ್ಟಿನಿಂದ ನಡೆಸಬಲ್ಲ. ದಡಕ್ಕೆ ಬಂದ ಮೇಲೆ ಬೆನ್ನ ಮೇಲೆ ಹೊತ್ತುಕೊಂಡು ಹೋಗಬಲ್ಲ. ಹಾಯಿಯ ವಿದ್ಯೆ ಕನ್ನಡನಾಡಿಗೆ ತಿಳಿಯದುದೇನೂ ಅಲ್ಲ. ಕಾರವಾರದಿಂದ ಮಂಗಳೂರಿನವರೆಗೆ ಮಚ್ವೆ ಪತ್ತೆಮಾರಿಗಳು ಹಾಯಿ ಬಿಚ್ಚಿ ವ್ಯಾಪಾರ ನಡೆಸಿದುದು ಸುವಿದಿತ. ಅದೇ ನಾಡಿನ ಒಳಹೊಳೆಗಳಲ್ಲಿ ಹುಟ್ಟೇ ಪ್ರಧಾನವಾಯಿತೆಂದರೆ, ಅದಕ್ಕೆ ಅಜ್ಞಾನವಲ್ಲ, ನೀರಿನ ಸ್ವಭಾವವೇ ಕಾರಣವೆಂದು ಹೇಳಬೇಕಾಗುತ್ತದೆ.

ದೋಣಿ ಮಾತ್ರದಿಂದ ಕಡವು ಆಗುವುದಿಲ್ಲ. ಕಡವೆಂದರೆ ಅಂಬಿಗರ ಸಮುದಾಯ. ಹರಿಹರದಿಂದ ಕೆಳಗೆ, ಇದೇ ನದಿಯ ಎಡದಂಡೆಯ ಚೌಡದಾನಪುರವು ಹನ್ನೆರಡನೆಯ ಶತಮಾನದ ವಚನಕಾರ ಅಂಬಿಗರ ಚೌಡಯ್ಯನ ಹೆಸರಿನೊಡನೆ ಪರಂಪರೆಯಲ್ಲಿ ಬೆಸೆದುಕೊಂಡಿದೆ. ದೋಣಿ ನಡೆಸುವ ಕಾಯಕದವನು ಶರಣರ ನಡುವೆ ನಿಷ್ಠುರವಾದ ಮಾತಿಗೆ ಹೆಸರಾದುದು ಆ ವೃತ್ತಿಗಿದ್ದ ಆತ್ಮಗೌರವವನ್ನು ಸೂಚಿಸುತ್ತದೆ. ಯಾವ ಬಂಡೆ ಯಾವ ತಿಂಗಳಲ್ಲಿ ಮುಳುಗುತ್ತದೆ, ನೀರಿನ ಬಣ್ಣ ತಿರುಗಿದರೆ ಮೇಲೆಲ್ಲಿ ಮಳೆಯಾಗಿದೆ ಎಂಬ ತಿಳಿವಳಿಕೆ ಪುಸ್ತಕದಲ್ಲಿ ಇರುವಂಥದಲ್ಲ. ದಡದಲ್ಲಿ ಹಿರಿಯರ ಜೊತೆ ಕುಳಿತು ಪಡೆಯುವಂಥದು.

ಈ ಕಡವಿನ ಸೈನಿಕ ಮಹತ್ತ್ವವೂ ಕಡಮೆಯದಲ್ಲ. ಧೋಂಡಿಯಾ ವಾಘನನ್ನು ಬೆನ್ನಟ್ಟಿದ ಆರ್ಥರ್ ವೆಲ್ಲೆಸ್ಲಿಯ ಸೈನ್ಯವು 1800ರ ಜೂನಿನಲ್ಲಿ ಹೊಳೆ ದಾಟಿದುದು ಹರಿಹರದ ಬಳಿಯೇ. 1803ರ ಮಾರ್ಚಿಯಲ್ಲಿ ಮರಾಠರ ಸೀಮೆಗೆ ಅವನು ದಂಡೆತ್ತಿ ಹೊರಟುದೂ ಇಲ್ಲಿಂದಲೇ. ಆ ದಂಡಯಾತ್ರೆಯ ಕಾಲದ ಅವನ ಪತ್ರಗಳಲ್ಲಿ ಬುಟ್ಟಿದೋಣಿಗಳ ಪ್ರಸ್ತಾಪ ಮತ್ತೆ ಮತ್ತೆ ಬರುತ್ತದೆ. ಹಡಗುಗಳ ಬಲದಿಂದ ಸಾಮ್ರಾಜ್ಯ ಕಟ್ಟಿದವರೂ ದಖನ್ನಿನ ಹೊಳೆಗಳ ಮುಂದೆ ಹರಿಗೋಲನ್ನೇ ನೆಚ್ಚಬೇಕಾಯಿತು.

1868ರಲ್ಲಿ ಈ ಸ್ಥಿತಿ ಬದಲಾಯಿತು. ಬೆಂಗಳೂರು–ಧಾರವಾಡ ಹೆದ್ದಾರಿಗಾಗಿ ಕಲ್ಲು ಇಟ್ಟಿಗೆಗಳಿಂದ, 60 ಅಡಿ ಅಗಲದ 14 ಕಮಾನುಗಳ ಸೇತುವೆಯು ಸುಮಾರು ಮೂರೂವರೆ ಲಕ್ಷ ರೂಪಾಯಿ ವೆಚ್ಚದಲ್ಲಿ ಮುಗಿಯಿತು. 1889ರಲ್ಲಿ ರೈಲುಮಾರ್ಗವೂ ಹರಿಹರವನ್ನು ಮುಟ್ಟಿತು. ಸೇತುವೆಯಿಂದಾದ ಉಪಕಾರವನ್ನು ಯಾರೂ ಅಲ್ಲಗಳೆಯಲಾರರು. ಪ್ರವಾಹದ ದಿನಗಳಲ್ಲಿ ದಡದಲ್ಲಿ ಕಾದು ಕುಳಿತವರ ಕಷ್ಟ ಅದರಿಂದ ನೀಗಿತು. ಆದರೆ ಹೊಳೆ ದಾಟುವವರೆಲ್ಲ ಸೇತುವೆಯ ಮೇಲೆ ನಡೆದ ಬಳಿಕ ಕಡವಿಗೆ ಕೆಲಸವಿಲ್ಲವಾಯಿತು. ಹರಿಗೋಲು ಮೀನು ಹಿಡಿಯುವವರ ಕೈಯಲ್ಲಿ ಉಳಿಯಿತು. ದಾಟಿಸುವ ವೃತ್ತಿಯ ಸುತ್ತ ಬೆಳೆದಿದ್ದ ಕೂಟ ಕರಗಿತು. ದೋಣಿಯನ್ನು ಮತ್ತೆ ಹೆಣೆಯಬಹುದು. ಕೂಟವನ್ನು ಹಾಗೆ ಹೆಣೆಯುವುದು ಸುಲಭವಲ್ಲ.

ಈ ಹಿನ್ನೆಲೆಯಲ್ಲಿ ಮೊದಲಿನ ಪ್ರಶ್ನೆಗೆ ಹಿಂದಿರುಗೋಣ. ಒಬ್ಬಾಳಿನ ಹಾಯಿದೋಣಿಗಳಲ್ಲಿ 1949ರಲ್ಲಿ ಸ್ವೀಡನ್ನಿನ ರಿಕಾರ್ಡ್ ಸಾರ್ಬಿ ರೂಪಿಸಿದ 'ಫಿನ್' 1952ರಿಂದ ಟೋಕಿಯೋ ಕೂಟದವರೆಗೆ ಒಲಿಂಪಿಕ್ಸಿನಲ್ಲಿತ್ತು. ಅದರ ಒಡಲೇ ನೂರು ಕಿಲೋಗ್ರಾಮಿಗೂ ಮಿಕ್ಕಿದ್ದು. ಮೈಬಲವುಳ್ಳವರಿಗೆ ಮಾತ್ರ ಒಪ್ಪುವಂಥದು. 1970ರ ಸುಮಾರಿಗೆ ಕೆನಡಾದ ಬ್ರೂಸ್ ಕರ್ಬಿ ರೂಪಿಸಿದ 'ಲೇಸರ್' 4.2 ಮೀಟರು ಉದ್ದ, 59 ಕಿಲೋಗ್ರಾಂ ತೂಕದ್ದು. 1996ರಲ್ಲಿ ಒಲಿಂಪಿಕ್ಸನ್ನು ಪ್ರವೇಶಿಸಿತು. ಈಗ ಐ.ಎಲ್.ಸಿ.ಎ. ಎಂಬ ಹೆಸರಿನ ಇದರಲ್ಲಿ ಒಂದೇ ಒಡಲಿಗೆ 7.06, 5.76 ಮತ್ತು 4.7 ಚದರ ಮೀಟರಿನ ಮೂರು ಹಾಯಿಗಳನ್ನು ತೊಡಿಸಬಹುದು. ಬಹುಕಾಲದ ಮೇಲೆ ಮರಳುವವನು ತನ್ನ ಹಳೆಯ ಶಕ್ತಿಯನ್ನು ನೆನೆದು ದೊಡ್ಡ ಹಾಯಿಯನ್ನು ಬಯಸುವುದುಂಟು; ನಡುವಣ ಹಾಯಿಯಿಂದ ಆರಂಭಿಸುವುದೇ ವಿವೇಕ. ಆದರೂ ನೆನಪಿಡಬೇಕಾದ ಅಂಶವೊಂದಿದೆ. ಇದರ ನಡುವಿನಿಂದ ನೀರಿಗಿಳಿಬಿಡುವ ಹಲಗೆ ಸುಮಾರು 80 ಸೆಂಟಿಮೀಟರು ಆಳಕ್ಕೆ ಹೋಗುತ್ತದೆ. ಹರಿಹರದ ಬಂಡೆಗಳ ನಡುವೆ ಅದಕ್ಕೆ ಎಡೆಯಿಲ್ಲ. ಅದರ ಕ್ಷೇತ್ರ ಹೊಳೆಯಲ್ಲ, ಕೆರೆ.

ಕೆರೆಯಿದ್ದರೂ ಕೂಟವಿಲ್ಲದೆ ಸಾಲದು. ಗಾಳಿಯಲ್ಲಿ ಮಗುಚಿದ ದೋಣಿಯ ಬಳಿಗೆ ಬರಲು ದಡದಲ್ಲಿ ಇನ್ನೊಬ್ಬರಿರಬೇಕು. ಒಬ್ಬಾಳಿನ ದೋಣಿಯೇ ಹೆಚ್ಚು ಜನರನ್ನು ಬೇಡುತ್ತದೆ. ಬೆಂಗಳೂರಿನ ಹಲಸೂರು ಕೆರೆಯಲ್ಲಿ ಹಾಯಿವಿದ್ಯೆ ಬೆಳೆದುದು ಮದ್ರಾಸ್ ಇಂಜಿನಿಯರ್ ಗ್ರೂಪಿನ ಸೈನಿಕರ ಕೂಟದಿಂದ; ಚೆನ್ನೈಯಲ್ಲಿ 1911ರಲ್ಲಿ ಸ್ಥಾಪಿತವಾದ ರಾಯಲ್ ಮದ್ರಾಸ್ ಯಾಟ್ ಕ್ಲಬ್ಬಿನಂಥ ಕೂಟದಿಂದ. ದಾವಣಗೆರೆಯವನಿಗೆ ಬೆಂಗಳೂರು ಸುಮಾರು 260 ಕಿಲೋಮೀಟರು. ವರ್ಷದಲ್ಲಿ ಕೆಲವೇ ದಿನ ಹೋಗುವವನು ಸ್ವಂತ ದೋಣಿ ಕೊಳ್ಳುವುದಕ್ಕಿಂತ, ದೋಣಿಯನ್ನೂ ಹಿರಿಯರ ನೆರವನ್ನೂ ಒದಗಿಸುವ ಕೂಟವನ್ನು ಅರಸುವುದು ಮೇಲು. ಮೊದಲು ನೀರು, ಆಮೇಲೆ ಕೂಟ, ಕೊನೆಗೆ ದೋಣಿ. ಕಡವಿನ ಇತಿಹಾಸ ತೋರುವ ಕ್ರಮವೂ ಇದೇ.

ಜಿಲ್ಲೆಯೊಳಗೇ ವಿಸ್ತಾರವಾದ ನೀರಿಲ್ಲವೆ ಎಂದರೆ, ಉಂಟು. ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ, ಎಂದರೆ ಶಾಂತಿಸಾಗರ, ಸುಮಾರು 6,500 ಎಕರೆಯ ಜಲರಾಶಿ. ಆದರೆ ಅದು ರೈತನ ಗದ್ದೆಗೂ ಊರುಗಳ ಕುಡಿಯುವ ನೀರಿಗೂ ಮೀನುಗಾರರ ಬದುಕಿಗೂ ಮೊದಲು ಸಲ್ಲತಕ್ಕದ್ದು. ಅಲ್ಲಿ ಎಂದಾದರೂ ಹಾಯಿ ಏರಬೇಕಾದರೆ ಆ ಹಕ್ಕುಗಳಿಗೆ ಧಕ್ಕೆ ಬಾರದಂತೆ, ಆ ನೀರನ್ನು ಬಲ್ಲ ಮೀನುಗಾರರನ್ನೇ ಗುರುಗಳೆಂದು ಮುಂದಿಟ್ಟುಕೊಂಡು ಏರಬೇಕು. ಆ ಕೆರೆಯಿಂದ ಹೊರಟ ಹರಿದ್ರಾ ಹೊಳೆ ಹರಿಹರದ ಬಳಿಯೇ ತುಂಗಭದ್ರೆಯನ್ನು ಕೂಡುತ್ತದೆ. ಹಾಯಿಯ ನೀರಿಗೂ ಹರಿಗೋಲಿನ ನೀರಿಗೂ ಇರುವ ನಂಟನ್ನು ನಿಸರ್ಗವೇ ಹೀಗೆ ಏರ್ಪಡಿಸಿದೆ. ಆ ಎರಡರ ತಿಳಿವಳಿಕೆಯನ್ನು ಕೂಡಿಸುವ ಕೆಲಸ ಮಾತ್ರ ಮನುಷ್ಯರಿಗೆ ಸೇರಿದ್ದು.