ಭೀಮಾತೀರದಲ್ಲಿ ಗೆದ್ದ ತಟ್ಟೆ

ದೇವಣಗಾಂವದಲ್ಲಿ ನನ್ನ ಸಿಡಿ ಅಂಗಡಿ ಜೋರು ನಡೆದಿದ್ದ ಕಾಲಕ್ಕೇ ದೊಡ್ಡ ದೊಡ್ಡ ಕಂಪನಿಗಳು ಡಿವಿಡಿಯ ನಂತರ ಯಾವ ತಟ್ಟೆ ಎಂದು ಕಾದಾಟಕ್ಕಿಳಿದಿದ್ದವು. ತೋಷಿಬಾ, ಎನ್‌ಇಸಿ ಎಚ್‌ಡಿ ಡಿವಿಡಿಯ ಕಡೆ. ಮೈಕ್ರೋಸಾಫ್ಟ್ ಮತ್ತು ಯುನಿವರ್ಸಲ್ ಅವರ ಬೆನ್ನಿಗೆ. ಸೋನಿ, ಪ್ಯಾನಾಸೋನಿಕ್, ಫಿಲಿಪ್ಸ್, ಡಿಸ್ನಿ ಬ್ಲೂ-ರೇ ಕಡೆ. ಎರಡನ್ನೂ ಓದುವುದು 405 ನ್ಯಾನೋಮೀಟರಿನ ನೀಲಿ-ನೇರಳೆ ಲೇಸರೇ. ಆದರೆ ಪದರವೊಂದಕ್ಕೆ ಎಚ್‌ಡಿ ಡಿವಿಡಿಯಲ್ಲಿ 15 ಜಿಬಿ, ಬ್ಲೂ-ರೇಯಲ್ಲಿ 25 ಜಿಬಿ. ಒಂದರ ಯಂತ್ರದಲ್ಲಿ ಇನ್ನೊಂದು ಓಡದು.

ಬೀಟಾಮ್ಯಾಕ್ಸ್ ಕ್ಯಾಸೆಟ್ ತಂದು ವಿಎಚ್‌ಎಸ್ ಮುಂದೆ ಸೋತಿದ್ದ ಸೋನಿ, ಈ ಸಲ 2006ರ ಪ್ಲೇಸ್ಟೇಷನ್ 3ರ ಒಳಗೇ ಬ್ಲೂ-ರೇ ಕೂಡಿಸಿ ಮನೆಮನೆಗೆ ಕಳಿಸಿತು. 2008ರ ಜನವರಿಯಲ್ಲಿ ವಾರ್ನರ್ ಬ್ರದರ್ಸ್ ಬ್ಲೂ-ರೇ ಪಕ್ಷ ಸೇರಿತು. ಫೆಬ್ರುವರಿ 19ಕ್ಕೆ ತೋಷಿಬಾ ಕಣ ಬಿಟ್ಟಿತು.

ನಮ್ಮೂರಿನಲ್ಲಿ ಮಾತ್ರ ಗೆದ್ದದ್ದು ವಿಡಿಯೋ ಸಿಡಿ, ಅಂದರೆ ವಿಸಿಡಿ. 1993ರ ಈ ತಟ್ಟೆಗೆ ಹಿಡಿಯುತ್ತಿದ್ದುದು 74 ನಿಮಿಷ. ಒಂದು ಸಿನಿಮಾಕ್ಕೆ ಎರಡು ಬೇಕು, ಉದ್ದದ್ದಾದರೆ ಮೂರು. ಚಿತ್ರ ಮಸುಕು, ನಿಜ. ಆದರೆ ಅಗ್ಗದ ಪ್ಲೇಯರಿನಲ್ಲೂ ಓಡುತ್ತಿತ್ತು. 2007ರ ಹೊತ್ತಿಗೆ ಮೋಸರ್ ಬೇರ್ ಕಂಪನಿ ವಿಸಿಡಿಯನ್ನು 28 ರೂಪಾಯಿಗೆ, ಡಿವಿಡಿಯನ್ನು 34ಕ್ಕೆ ಮಾರತೊಡಗಿದ ಮೇಲೆ ಕೂಲಿಗೆ ಹೋಗುವವರೂ ಕೊಂಡೊಯ್ದರು.

ಅದಕ್ಕಿಂತ ದೊಡ್ಡ ಮಾತೆಂದರೆ, ಖಾಲಿ ಸಿಡಿಗೆ ನಾವೇ ತುಂಬಿಕೊಳ್ಳಬಹುದಿತ್ತು. ಜಾತ್ರೆಯ ಬಯಲಾಟವಾದ ದೊಡ್ಡಾಟವನ್ನು ಮದುವೆ ಕ್ಯಾಮೆರಾದವರೇ ರಾತ್ರಿಯಿಡೀ ಹಿಡಿಯುತ್ತಿದ್ದರು. ನಾನು ಅದನ್ನು ತುಂಡು ಮಾಡಿ ತಟ್ಟೆಗೆ ಇಳಿಸಿ, ಊರ ಹೆಸರು, ಆಟದ ಹೆಸರು ಮಾರ್ಕರಿನಲ್ಲಿ ಬರೆಯುತ್ತಿದ್ದೆ. ಭುಜಕೀರ್ತಿ ಕಟ್ಟಿದ ವೇಷಧಾರಿ ಹೆಜ್ಜೆ ಹಾಕಿದಾಗ ಹಲಗೆಯ ಅಟ್ಟ ಗುಡುಗುವುದು ಅದರಲ್ಲಿ ಸ್ಪಷ್ಟ ಕೇಳುತ್ತದೆ. ಹಾಗೆ ಕುಣಿದವರಲ್ಲಿ ಎಷ್ಟೋ ಜನ ಈಗಿಲ್ಲ. ಅವರ ದನಿ ಯಾವ ಬ್ಲೂ-ರೇಯಲ್ಲೂ ಇಲ್ಲ, ಈ ತಟ್ಟೆಗಳಲ್ಲೇ ಇದೆ.

ಆದರೆ ತುಂಬಿದ ಸಿಡಿಯ ಆಯುಷ್ಯ ಅದರ ಬಣ್ಣದ ಪದರದ್ದು. ಬಿಸಿಲಿಗೆ, ಸೆಕೆಗೆ ಅದು ಮಾಸುತ್ತದೆ. ಮಾಹಿತಿ ಕುಳಿತಿರುವುದು ಹೆಸರು ಬರೆದ ಬದಿಯ ತೆಳು ಲೇಪದ ಕೆಳಗೇ. ಮೇಲೆ ಅಂಟಿಸಿದ ಚೀಟಿ ಕಿತ್ತರೆ ಆಟವೂ ಕಿತ್ತುಬರುತ್ತದೆ. ಹೊಸ ಲ್ಯಾಪ್‌ಟಾಪಿನಲ್ಲಿ ಸಿಡಿ ಹಾಕುವ ಜಾಗವೇ ಸಾಮಾನ್ಯವಾಗಿ ಇರುವುದಿಲ್ಲ.

ಮನೆಯಲ್ಲಿ ಇಂಥ ತಟ್ಟೆ ಇದ್ದವರು ಚೀಟಿ ಕೀಳಬೇಡಿ, ಬಿಸಿಲಿಗೆ ಇಡಬೇಡಿ. ಓದುವ ಯಂತ್ರ ಸಿಗುವಾಗಲೇ ಎರಡು ಕಡೆ ನಕಲು ಮಾಡಿಡಿ. ಸಿನಿಮಾ ಉಳಿಸಲು ಕಂಪನಿಗಳಿವೆ. ನಮ್ಮ ದೊಡ್ಡಾಟ ಉಳಿಸಬೇಕಾದವರು ನಾವೇ.