ಗುಡ್ಡದ ಹಾದಿಗೆ ಮೌಂಟನ್ ಬೈಕ್: ಕಡಿಮೆ ಬೆಲೆಯಲ್ಲಿ ಯೋಗ್ಯ ಸೈಕಲ್ಲಿನ ಆಯ್ಕೆ ಹೇಗೆ?

ಜವನಗೊಂಡನಹಳ್ಳಿ: ಬೆಂಗಳೂರು-ಪುಣೆ ರಾಷ್ಟ್ರೀಯ ಹೆದ್ದಾರಿಯನ್ನು ಬಿಟ್ಟು ಒಂದೆರಡು ಕಿಲೋಮೀಟರ್ ಒಳಗೆ ಹೋದರೆ ಸಾಕು, ಹಿರಿಯೂರು ತಾಲ್ಲೂಕಿನ ಈ ಹೋಬಳಿಯಲ್ಲಿ ಡಾಂಬರು ಮುಗಿದು ಬಂಡಿ ಜಾಡು ಆರಂಭವಾಗುತ್ತದೆ. ಕೆಂಪು ಮಣ್ಣು, ಗರಸು, ಬೆಣಚುಕಲ್ಲು, ಅಲ್ಲಲ್ಲಿ ಎರೆ ಭೂಮಿ, ಎಲ್ಲೆಡೆ ಬಳ್ಳಾರಿ ಜಾಲಿ. ಗಾಯತ್ರಿ ಜಲಾಶಯದ ಆಸುಪಾಸಿನಿಂದ ವಾಣಿವಿಲಾಸ ಸಾಗರದ ಗುಡ್ಡಸಾಲಿನವರೆಗೆ, ಅಲ್ಲಿಂದ ಚಿತ್ರದುರ್ಗದ ಗಾಳಿಯಂತ್ರಗಳ ಬೆಟ್ಟಗಳವರೆಗೆ ನೆಲದ ಸ್ವರೂಪ ಹೆಚ್ಚುಕಡಿಮೆ ಇದೇ. ಮೌಂಟನ್ ಬೈಕ್ ಓಡಿಸಲು ಹೇಳಿ ಮಾಡಿಸಿದಂತಹ ನೆಲವಿದು. ಅಗ್ಗದ ಸೈಕಲ್ಲಿನ ದೋಷಗಳನ್ನು ಒಂದೇ ವರ್ಷದಲ್ಲಿ ಬಯಲಿಗೆಳೆಯುವ ನೆಲವೂ ಹೌದು.

ರಾಜ್ಯ ಸರಕಾರ 2006-07ರಲ್ಲಿ ಆರಂಭಿಸಿದ ಉಚಿತ ಬೈಸಿಕಲ್ ಯೋಜನೆಯಿಂದ ಹಳ್ಳಿಯ ಎಂಟನೆಯ ತರಗತಿಯ ಮಕ್ಕಳ ಕೈಗೂ ಸೈಕಲ್ ಬಂದಿತ್ತು. ಶಾಲೆಯ ಸೈಕಲ್ಲಿನಲ್ಲಿ ಕಾಲುಹಾದಿ ಕಲಿತು, ನಂತರ ಹತ್ತು-ಹನ್ನೆರಡು ಸಾವಿರ ರೂಪಾಯಿಯ ಗೇರ್ ಸೈಕಲ್ ಕೊಂಡು ಗುಡ್ಡ ಹತ್ತಿ ಇಳಿಯುವುದನ್ನು ರೂಢಿಸಿಕೊಂಡ ಯುವಕರು ಈಗ ಮುಂದಿನ ಸೈಕಲ್ಲಿನ ಯೋಚನೆಯಲ್ಲಿರುವುದು ಸಹಜ. ಅದರ ಬೆಲೆ ಮಳೆಯಾಶ್ರಿತ ಶೇಂಗಾ ಬೆಳೆಯುವ ಮನೆಯೊಂದಕ್ಕೆ ಸಣ್ಣ ಮೊತ್ತವಲ್ಲ. ಆಯ್ಕೆ ತಪ್ಪಿದರೆ ಹಣ ಹೋಗುವುದಷ್ಟೇ ಅಲ್ಲ, ಇಳಿಜಾರಿನಲ್ಲಿ ಬ್ರೇಕ್ ಕೈಕೊಟ್ಟರೆ ಮೂಳೆಯೂ ಮುರಿಯುತ್ತದೆ. ಅಂತಹ ಸವಾರರಿಗೂ, ಹಣ ಹೊಂದಿಸಬೇಕಾದ ಅವರ ಮನೆಯವರಿಗೂ ಉಪಯುಕ್ತವಾಗಬಲ್ಲ ಮಾಹಿತಿ ಇಲ್ಲಿದೆ.

ಹಿನ್ನೆಲೆ

ಮೌಂಟನ್ ಬೈಕ್ ಹುಟ್ಟಿದ್ದು 1970ರ ದಶಕದಲ್ಲಿ, ಅಮೆರಿಕದ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯ ಬೆಟ್ಟಗಳಲ್ಲಿ. ಅಲ್ಲಿನ ಯುವಕರು ದಪ್ಪ ಟೈರಿನ ಹಳೆಯ ಸೈಕಲ್ಲುಗಳನ್ನು ರಿಪೇರಿ ಮಾಡಿಕೊಂಡು ಮಣ್ಣಿನ ಇಳಿಜಾರುಗಳಲ್ಲಿ ಓಡಿಸುತ್ತಿದ್ದರು. ಈ ಹವ್ಯಾಸ ಕ್ರೀಡೆಯಾಗಿ ಬೆಳೆದು 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಸ್ಥಾನ ಪಡೆಯಿತು. ಕರ್ನಾಟಕದಲ್ಲಿ ಸೈಕ್ಲಿಂಗ್ ಎಂದರೆ ವಿಜಯಪುರ, ಬಾಗಲಕೋಟೆಗಳ ಹೆಸರು ಮೊದಲು ಬರುವುದಾದರೂ ಮೌಂಟನ್ ಬೈಕ್ ವಿಭಾಗದಲ್ಲಿ ಬೆಂಗಳೂರಿನ ಕಿರಣ್ ಕುಮಾರ್ ರಾಜು ರಾಷ್ಟ್ರೀಯ ಚಾಂಪಿಯನ್ ಪಟ್ಟ ಗಳಿಸಿದ್ದಾರೆ.

ಬೆಲೆಯ ಮೂರು ಹಂತ

ಮಾರುಕಟ್ಟೆಯಲ್ಲಿ ಮೌಂಟನ್ ಬೈಕ್ ಎಂಬ ಹೆಸರಿನಲ್ಲಿ ದೊರೆಯುವ ಸೈಕಲ್ಲುಗಳನ್ನು ಸ್ಥೂಲವಾಗಿ ಮೂರು ಹಂತಗಳಾಗಿ ವಿಂಗಡಿಸಬಹುದು.

ಮೊದಲನೆಯದು 20 ಸಾವಿರ ರೂಪಾಯಿಯೊಳಗಿನದು. ನೋಟಕ್ಕೆ ಗುಡ್ಡದ ಸೈಕಲ್. ಬಳಕೆಗೆ ಊರೊಳಗಿನ ಸೈಕಲ್. ಶಾಲೆ, ಸಂತೆ, ಹೊಲದ ಓಡಾಟಕ್ಕೆ ತೊಂದರೆಯಿಲ್ಲ. ಕಲ್ಲುಹಾದಿಯಲ್ಲಿ ವೇಗವಾಗಿ ಇಳಿಯುವವರಿಗೆ ಇದು ತಕ್ಕುದಲ್ಲ.

ಎರಡನೆಯದು ಸುಮಾರು 28ರಿಂದ 50 ಸಾವಿರ ರೂಪಾಯಿಯ ಹಂತ. ಸುಧಾರಿಸುತ್ತಿರುವ ಸವಾರನು ಹುಡುಕಬೇಕಾದದ್ದು ಇಲ್ಲಿಯೇ. ಹೈಡ್ರಾಲಿಕ್ ಡಿಸ್ಕ್ ಬ್ರೇಕ್, ಅಲ್ಯೂಮಿನಿಯಂ ಫ್ರೇಮು, ಕ್ಯಾಸೆಟ್ ಇರುವ ಹಿಂಚಕ್ರ ಇವು ಮೂರೂ ಈ ಬೆಲೆಗೆ ದೊರೆಯುತ್ತವೆ. ರಾಕ್‌ರೈಡರ್, ಪಾಲಿಗನ್, ಫೈರ್‌ಫಾಕ್ಸ್, ಟ್ರೆಕ್, ಮೆರಿಡಾ, ಸ್ಕಾಟ್ ಮುಂತಾದ ಹೆಸರುಗಳಲ್ಲಿ ಯಾವುದನ್ನು ನೋಡಿದರೂ ಹೆಸರಿಗಿಂತ ಬಿಡಿಭಾಗಗಳ ಪಟ್ಟಿಯನ್ನು ಓದುವುದು ಮುಖ್ಯ. ಒಂದೇ ಕಂಪನಿ ಮೂರೂ ಹಂತದ ಸೈಕಲ್ಲುಗಳನ್ನು ಮಾರುವುದುಂಟು.

ಮೂರನೆಯದು ಅದಕ್ಕೂ ಮೇಲಿನದು. ಗಾಳಿ ತುಂಬುವ ಫೋರ್ಕ್, ಗಟ್ಟಿ ಆಕ್ಸೆಲ್, ಒಂದೇ ಮುಂದಿನ ಹಲ್ಲುಚಕ್ರದ ಗೇರು ಇಲ್ಲಿ ಸಾಮಾನ್ಯ. ಹಿಂದೆಯೂ ಶಾಕ್ ಅಬ್ಸಾರ್ಬರ್ ಇರುವ, ನಂಬಿ ಕೊಳ್ಳಬಹುದಾದ ಸೈಕಲ್ಲುಗಳು ಬಹುತೇಕ ಲಕ್ಷ ರೂಪಾಯಿಯ ಆಸುಪಾಸಿನಿಂದ ಮೇಲಕ್ಕೆ ಇರುತ್ತವೆ. ಹದಿನೈದು ಸಾವಿರಕ್ಕೆ ಎರಡೂ ಕಡೆ ಶಾಕ್ ಇದೆ ಎಂದು ತೋರಿಸಿದರೆ ಮರುಳಾಗಬೇಕಿಲ್ಲ. ಅದು ಸೈಕಲ್ಲಿನ ತೂಕ ಹೆಚ್ಚಿಸಿ ತುಳಿತದ ಶಕ್ತಿಯನ್ನು ನುಂಗುವ ಸ್ಪ್ರಿಂಗ್ ಮಾತ್ರ.

ಸೈಕಲ್ ಮತ್ತು ಅದರ ಬಿಡಿಭಾಗಗಳ ಮೇಲಿನ ಜಿಎಸ್‌ಟಿಯನ್ನು 2025ರ ಸೆಪ್ಟೆಂಬರ್ 22ರಿಂದ ಶೇಕಡಾ 12ರಿಂದ 5ಕ್ಕೆ ಇಳಿಸಲಾಗಿದೆ. ತೆರಿಗೆರಹಿತ ಬೆಲೆ 30 ಸಾವಿರ ರೂಪಾಯಿ ಇರುವ ಸೈಕಲ್ಲಿಗೆ ಹಿಂದೆ 33,600 ರೂಪಾಯಿ ಆಗುತ್ತಿದ್ದುದು ಈಗ 31,500 ಆಗುತ್ತದೆ. ಕೊಳ್ಳುವಾಗ ಬಿಲ್ಲಿನಲ್ಲಿ ಈ ದರವನ್ನು ಗಮನಿಸಬೇಕು.

ಮೊದಲು ಅಳತೆ

ಬೆಳೆಯುವ ಹುಡುಗನಿಗೆ ಒಂದು ಅಳತೆ ದೊಡ್ಡ ಅಂಗಿ ಹೊಲಿಸುವ ಪದ್ಧತಿ ನಮ್ಮಲ್ಲಿದೆ. ಸೈಕಲ್ಲಿಗೆ ಈ ಲೆಕ್ಕ ಅನ್ವಯಿಸದು. ಫ್ರೇಮು ದೊಡ್ಡದಾದರೆ ಇಳಿಜಾರಿನಲ್ಲಿ ದೇಹವನ್ನು ಹಿಂದಕ್ಕೆ ತರಲಾಗದೆ ಸವಾರ ಹ್ಯಾಂಡಲ್ ಮೇಲಿಂದ ಮುಗ್ಗರಿಸುವ ಅಪಾಯವಿದೆ. ಎರಡೂ ಪಾದಗಳನ್ನು ನೆಲಕ್ಕೂರಿ ನಿಂತಾಗ ಮೇಲಿನ ಕಂಬಿಗೂ ತೊಡೆಸಂದಿಗೂ ನಡುವೆ ಕನಿಷ್ಠ 5 ಸೆಂಟಿಮೀಟರ್ ಅಂತರವಿರಬೇಕು. ಪೆಡಲ್ ಮೇಲೆ ಎದ್ದು ನಿಂತಾಗ ಮೊಣಕೈಗಳು ತುಸು ಬಾಗಿರಬೇಕು, ಬೆನ್ನು ಪೂರ್ತಿ ಚಾಚಿಕೊಳ್ಳಬಾರದು. ಕಂಪನಿಗಳು ಎತ್ತರಕ್ಕೆ ತಕ್ಕ ಅಳತೆಯ ಪಟ್ಟಿ ನೀಡುತ್ತವೆ. ಆದರೂ ಹತ್ತಿ ಕುಳಿತು ನೋಡದೆ ಹಣ ಕೊಡುವುದು ಜಾಣತನವಲ್ಲ.

ಬ್ರೇಕ್

ಡಿಸ್ಕ್ ಬ್ರೇಕ್ ಎಂದಾಕ್ಷಣ ಎಲ್ಲವೂ ಒಂದೇ ಅಲ್ಲ. ತಂತಿಯಿಂದ ಎಳೆಯುವ ಡಿಸ್ಕ್ ಬ್ರೇಕ್ ಧೂಳು, ಕೆಸರಿನಲ್ಲಿ ಬಿಗಿಯಾಗುತ್ತದೆ. ದೀರ್ಘ ಇಳಿಜಾರಿನಲ್ಲಿ ಬೆರಳುಗಳು ಸೋಲುತ್ತವೆ. ಎಣ್ಣೆಯ ಒತ್ತಡದಿಂದ ಕೆಲಸ ಮಾಡುವ ಹೈಡ್ರಾಲಿಕ್ ಬ್ರೇಕನ್ನು ಒಂದೇ ಬೆರಳಿನಿಂದ ಹಿಡಿಯಬಹುದು, ಉಳಿದ ಬೆರಳುಗಳು ಹ್ಯಾಂಡಲ್ ಮೇಲೆ ಭದ್ರವಾಗಿರುತ್ತವೆ. ಶಿಮಾನೊ ಎಂಟಿ200ರಂತಹ ಸರಳ ಬ್ರೇಕ್ ಕೂಡ ಈ ಭಾಗದ ಗುಡ್ಡಗಳಿಗೆ ಸಾಲುತ್ತದೆ. ಶಿಮಾನೊ ಬ್ರೇಕುಗಳಿಗೆ ಮಿನರಲ್ ಎಣ್ಣೆಯನ್ನೇ ಹಾಕಬೇಕು. ಮೋಟಾರ್ ಸೈಕಲ್ಲಿನ ಬ್ರೇಕ್ ಎಣ್ಣೆ ಹಾಕಿದರೆ ಒಳಗಿನ ರಬ್ಬರ್ ಸೀಲುಗಳು ಹಾಳಾಗುತ್ತವೆ. ಹೊಸ ಸೈಕಲ್ಲಿನಲ್ಲಿ ಯಾವ ಕೈಯ ಬ್ರೇಕ್ ಯಾವ ಚಕ್ರದ್ದು ಎಂಬುದನ್ನು ಸಮತಟ್ಟು ನೆಲದಲ್ಲಿ ಪರೀಕ್ಷಿಸಿದ ಬಳಿಕವೇ ಗುಡ್ಡಕ್ಕೆ ಹೋಗಬೇಕು.

ಹಿಂಚಕ್ರ ಮತ್ತು ಗೇರು

'21 ಗೇರು' ಎಂಬ ಬರಹ ಅನೇಕರನ್ನು ಸೆಳೆಯುತ್ತದೆ. ಮುಂದೆ ಮೂರು, ಹಿಂದೆ ಏಳು ಹಲ್ಲುಚಕ್ರಗಳ ಗುಣಾಕಾರವದು. ಅವುಗಳಲ್ಲಿ ಹಲವು ಗೇರುಗಳು ಒಂದರ ಮೇಲೊಂದು ಬರುವಂತಹವು. ಹಿಂದೆ ಏಳು ಇರುವ ಸೈಕಲ್ಲುಗಳಲ್ಲಿ ಸಾಮಾನ್ಯವಾಗಿ ಹಲ್ಲುಚಕ್ರಗಳ ಗುಚ್ಛವನ್ನು ಹಬ್ಬಿಗೆ ತಿರುಪಿನಂತೆ ಕೂರಿಸಿರುತ್ತಾರೆ. ಇದಕ್ಕೆ ಫ್ರೀವೀಲ್ ಎನ್ನುತ್ತಾರೆ. ಇದರಲ್ಲಿ ಬಲಬದಿಯ ಬೇರಿಂಗ್ ಒಳಗೆ ಉಳಿದು, ಆಕ್ಸೆಲ್ಲಿನ ತುದಿ ಆಧಾರವಿಲ್ಲದೆ ಚಾಚಿಕೊಂಡಿರುತ್ತದೆ. ಕಲ್ಲಿನ ಮೇಲಿಂದ ಪದೇಪದೇ ಧುಮುಕಿದರೆ ಆಕ್ಸೆಲ್ ಬಾಗುತ್ತದೆ, ಕೊನೆಗೆ ತುಂಡಾಗುತ್ತದೆ. ಕ್ಯಾಸೆಟ್ ಪದ್ಧತಿಯಲ್ಲಿ ಬೇರಿಂಗ್ ಹೊರಅಂಚಿನ ಸಮೀಪ ಇರುವುದರಿಂದ ಈ ತೊಂದರೆ ವಿರಳ. 'ಫ್ರೀವೀಲೋ, ಕ್ಯಾಸೆಟ್ಟೋ?' ಎಂದು ಅಂಗಡಿಯಲ್ಲಿ ನೇರವಾಗಿ ಕೇಳಬೇಕು.

ಶಿಮಾನೊ ಗೇರುಗಳಲ್ಲಿ ಟೂರ್ನಿ, ಆಲ್ಟಸ್, ಎಸೆರಾ, ಅಲಿವಿಯೊ, ಡಿಯೋರ್ ಎಂಬುದು ಏರಿಕೆಯ ಕ್ರಮ. 2023ರಿಂದ ಕ್ಯೂಸ್ ಎಂಬ ಹೊಸ ಸರಣಿಯೂ ಬಂದಿದೆ. ಹಿಂದೆ 9 ಅಥವಾ 10 ಗೇರು, ಮುಂದೆ ಒಂದು ಅಥವಾ ಎರಡು ಹಲ್ಲುಚಕ್ರ ಇರುವ ಸೈಕಲ್ ಸಾಕು. ಮುಂದೆ ಒಂದೇ ಇದ್ದಲ್ಲಿ ಹಿಂದಿನ ಅತಿ ದೊಡ್ಡ ಚಕ್ರಕ್ಕೆ 42 ಹಲ್ಲುಗಳಾದರೂ ಇರಲಿ; ಇಲ್ಲವಾದರೆ ಕಡಿದಾದ ಏರಿನಲ್ಲಿ ಸೈಕಲ್ ತಳ್ಳಿಕೊಂಡು ಹೋಗಬೇಕಾದೀತು.

ಮುಂದಿನ ಫೋರ್ಕ್

ನಮ್ಮ ಹಾದಿಗಳಿಗೆ 100ರಿಂದ 120 ಮಿಲಿಮೀಟರ್ ಕುಸಿಯುವ ಫೋರ್ಕ್ ಧಾರಾಳ. ಎಷ್ಟು ಕುಸಿಯುತ್ತದೆ ಎಂಬುದಕ್ಕಿಂತ ಹೇಗೆ ಮರಳುತ್ತದೆ ಎಂಬುದು ಮುಖ್ಯ. ಹ್ಯಾಂಡಲ್ ಮೇಲೆ ಭಾರ ಹಾಕಿ ಒಮ್ಮೆಗೆ ಬಿಟ್ಟಾಗ ಫೋರ್ಕ್ ಚಿಮ್ಮಿ ಮುಂಚಕ್ರವನ್ನು ನೆಲದಿಂದ ಎತ್ತುವಂತಿದ್ದರೆ ಅದರಲ್ಲಿ ಹತೋಟಿಯಿಲ್ಲ ಎಂದರ್ಥ. ಒಳಕೊಳವೆಗಳ ದಪ್ಪ 30 ಮಿಲಿಮೀಟರಿಗಿಂತ ಕಡಿಮೆಯಿರಬಾರದು, 32 ಇದ್ದರೆ ಉತ್ತಮ. ಈ ಬೆಲೆಯಲ್ಲಿ ಹೆಚ್ಚಾಗಿ ಕಾಣುವ ಸನ್‌ಟೂರ್ ಫೋರ್ಕುಗಳಲ್ಲಿ ಎಕ್ಸ್‌ಸಿಟಿ, ಎಕ್ಸ್‌ಸಿಎಂ, ಎಕ್ಸ್‌ಸಿಆರ್ ಎಂಬ ಕ್ರಮದಲ್ಲಿ ದರ್ಜೆ ಏರುತ್ತದೆ. ಗಾಳಿಯ ಫೋರ್ಕಿನ ಒತ್ತಡವನ್ನು ಸವಾರನ ತೂಕಕ್ಕೆ ಹೊಂದಿಸಬಹುದಾದುದರಿಂದ ತೀರಾ ಹಗುರ ಅಥವಾ ಭಾರ ದೇಹದವರಿಗೆ ಅದು ಹೆಚ್ಚು ಅನುಕೂಲ.

ಮುಂದೊಂದು ದಿನ ಫೋರ್ಕ್ ಬದಲಿಸುವ ಆಲೋಚನೆ ಇದ್ದರೆ ಫ್ರೇಮಿನ ಮುಂದಿನ ಕೊಳವೆ ಮೇಲಿಗಿಂತ ಕೆಳಗೆ ಅಗಲವಾಗಿದೆಯೇ ಎಂದು ನೋಡಬೇಕು. ಈಗಿನ ಒಳ್ಳೆಯ ಫೋರ್ಕುಗಳು ಬಹುತೇಕ ಅಂತಹ ಫ್ರೇಮಿಗೇ ಹೊಂದುತ್ತವೆ.

ಜಾಲಿಮುಳ್ಳು, ನೆಗ್ಗಿಲುಮುಳ್ಳು

ಬಯಲುಸೀಮೆಯ ಸವಾರನಿಗೆ ದೊಡ್ಡ ಶತ್ರು ಪಂಕ್ಚರ್. ಹೊರದೇಶದ ಸಲಹೆಗಳಲ್ಲಿ ಬೇರಿನ ಮಾತು, ಕೆಸರಿನ ಮಾತು ಹೆಚ್ಚು. ಇಲ್ಲಿ ಜಾಲಿ ಮತ್ತು ನೆಗ್ಗಿಲು ನಿರ್ಣಾಯಕ. ಟ್ಯೂಬಿಲ್ಲದೆ ಬಳಸಬಹುದಾದ ರಿಮ್ಮು ಮತ್ತು ಟೈರು ಇರುವ ಸೈಕಲ್ ಸಿಕ್ಕಿದರೆ ಎರಡು-ಮೂರು ಸಾವಿರ ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಒಳಗೆ ಹಾಕುವ ಸೀಲಂಟ್ ದ್ರವ ಮುಳ್ಳು ಚುಚ್ಚಿದ ರಂಧ್ರವನ್ನು ತಕ್ಷಣ ಮುಚ್ಚುತ್ತದೆ. ನಮ್ಮ ಬಿಸಿಲಿಗೆ ಅದು ಬೇಗ ಒಣಗುವುದರಿಂದ ಎರಡು-ಮೂರು ತಿಂಗಳಿಗೊಮ್ಮೆ ಮತ್ತೆ ತುಂಬಬೇಕು. ಆ ಸೌಲಭ್ಯವಿಲ್ಲದಿದ್ದರೆ ಟ್ಯೂಬಿನೊಳಗೇ ಸೀಲಂಟ್ ಹಾಕಿಸಬಹುದು.

ಟೈರಿನ ಅಗಲ 2.2 ಅಂಗುಲದ ಆಸುಪಾಸು ಇರಲಿ. ಚಕ್ರದ ಅಳತೆಯಲ್ಲಿ 29 ಅಂಗುಲದ್ದು ಕಲ್ಲುಗಳ ಮೇಲೆ ಸಲೀಸಾಗಿ ಉರುಳುತ್ತದೆ. ಕುಳ್ಳಗಿನ ಸವಾರರಿಗೆ 27.5 ಅಂಗುಲದ್ದು ಹಿಡಿತಕ್ಕೆ ಸುಲಭ. ಎರೆ ಭೂಮಿಯಲ್ಲಿ ಓಡಾಡುವವರು ಟೈರಿಗೂ ಫ್ರೇಮಿಗೂ ನಡುವೆ ಬೆರಳು ತೂರುವಷ್ಟು ಜಾಗವಿದೆಯೇ ಎಂದು ಪರೀಕ್ಷಿಸಬೇಕು. ಮಳೆ ಬಿದ್ದ ಮರುದಿನ ಆ ಮಣ್ಣು ಮೆತ್ತಿಕೊಂಡು ಚಕ್ರವನ್ನೇ ನಿಲ್ಲಿಸುತ್ತದೆ.

ವಾಲ್ವ್ ಎರಡು ಬಗೆ. ದಪ್ಪನೆಯದು ಮೋಟಾರ್ ಸೈಕಲ್ಲಿನದೇ ಆದ್ದರಿಂದ ಹೆದ್ದಾರಿ ಬದಿಯ ಯಾವ ಪಂಕ್ಚರ್ ಅಂಗಡಿಯಲ್ಲೂ ಗಾಳಿ ಹೊಡೆಸಬಹುದು. ಸಪೂರ ವಾಲ್ವಿಗೆ ಚಿಕ್ಕ ಹಿತ್ತಾಳೆಯ ಅಡಾಪ್ಟರ್ ಜೇಬಿನಲ್ಲಿರಬೇಕು. ಟ್ಯೂಬ್ ಇರುವ ಟೈರಿಗೆ ಗುಡ್ಡದ ಹಾದಿಯಲ್ಲಿ ಸವಾರನ ತೂಕಕ್ಕನುಗುಣವಾಗಿ 25ರಿಂದ 35 ಪಿಎಸ್‌ಐ ಸಾಕು. ಗಟ್ಟಿಯಾಗಲೆಂದು ಅದಕ್ಕಿಂತ ಬಹಳ ಹೆಚ್ಚು ತುಂಬಿಸಿದರೆ ಗರಸಿನ ತಿರುವಿನಲ್ಲಿ ಟೈರು ಜಾರುತ್ತದೆ.

ಹಳೆಯದನ್ನೇ ಸುಧಾರಿಸಬಹುದೇ?

ಟೈರು, ಪೆಡಲು, ಹಿಡಿಕೆ ಬದಲಿಸುವುದು ಸರಿ. ಅವನ್ನು ಮುಂದಿನ ಸೈಕಲ್ಲಿಗೂ ಹಾಕಿಕೊಳ್ಳಬಹುದು. ಹನ್ನೆರಡು ಸಾವಿರದ ಸೈಕಲ್ಲಿಗೆ ಅಷ್ಟೇ ಬೆಲೆಯ ಫೋರ್ಕ್, ಹೊಸ ಹಿಂಚಕ್ರ, ಹೊಸ ಗೇರು ಹಾಕಿಸುತ್ತಾ ಹೋದರೆ ಕೊನೆಗೆ ಎರಡನೆಯ ಹಂತದ ಸೈಕಲ್ಲಿನ ಬೆಲೆಯನ್ನು ಮೀರಿ ಖರ್ಚಾಗುತ್ತದೆ.

ಬೆಂಗಳೂರಿನಲ್ಲಿ ಹಳೆಯ ಸೈಕಲ್ಲುಗಳ ಮಾರಾಟ ಸಾಕಷ್ಟಿದೆ. ಒಂದು ಹಂತ ಮೇಲಿನ ಸೈಕಲ್ ಕೈಗೆಟುಕುವ ಬೆಲೆಗೆ ದೊರೆಯುವ ಸಾಧ್ಯತೆ ಅಲ್ಲಿ ಹೆಚ್ಚು. ಮೂಲ ಬಿಲ್ಲು, ಅದರಲ್ಲಿನ ಫ್ರೇಮ್ ಸಂಖ್ಯೆ ಹೊಂದಿಕೆಯಾಗಬೇಕು. ಕದ್ದ ಮಾಲು ಕೊಂಡರೆ ಪೊಲೀಸ್ ಠಾಣೆ ಮೆಟ್ಟಿಲು ಹತ್ತಬೇಕಾದೀತು. ಹ್ಯಾಂಡಲಿನ ಕೆಳಗೆ ಮತ್ತು ಪೆಡಲ್ ಬುಡದ ಬೆಸುಗೆಗಳಲ್ಲಿ ಬಿರುಕು, ಫೋರ್ಕಿನ ಒಳಕೊಳವೆಯಲ್ಲಿ ಗೀರು ಕಂಡುಬಂದರೆ ಬೆಲೆ ಎಷ್ಟೇ ಕಡಿಮೆಯಿದ್ದರೂ ಬಿಡುವುದು ಲೇಸು.

ಆನ್‌ಲೈನ್‌ನಲ್ಲಿ ತರಿಸಿದ ಸೈಕಲ್ ಅರ್ಧ ಜೋಡಿಸಿದ ಸ್ಥಿತಿಯಲ್ಲಿ ಬರುತ್ತದೆ. ಫೋರ್ಕನ್ನು ಹಿಂದುಮುಂದಾಗಿ ಕೂರಿಸುವುದು ಮನೆಯಲ್ಲಿ ಜೋಡಿಸುವವರ ಸಾಮಾನ್ಯ ತಪ್ಪು. ಡಿಸ್ಕ್ ಬ್ರೇಕಿನ ಹಿಡಿ ಸವಾರನ ಎಡಕ್ಕೆ ಬರಬೇಕು. ಎಡ ಪೆಡಲಿನ ತಿರುಪು ವಿರುದ್ಧ ದಿಕ್ಕಿನದೆಂಬುದೂ ನೆನಪಿರಲಿ.

ಹೆಲ್ಮೆಟ್‌ಗೆ ಹಣ ಮೀಸಲು

ಒಟ್ಟು ಹಣದಲ್ಲಿ ಹತ್ತನೇ ಒಂದು ಭಾಗವನ್ನಾದರೂ ಸೈಕಲ್ಲಿನ ಹೊರಗಿನ ಖರ್ಚಿಗೆ ಇಟ್ಟುಕೊಳ್ಳಬೇಕು. ಇಎನ್ 1078 ಮಾನಕದ ಗುರುತಿರುವ ಹೆಲ್ಮೆಟ್, ಕೈಗವಸು, ಪಂಪು, ಒಂದು ಹೆಚ್ಚುವರಿ ಟ್ಯೂಬು, ಚೈನಿನ ಎಣ್ಣೆ ಇವಿಲ್ಲದೆ ಗುಡ್ಡಕ್ಕೆ ಹೋಗುವುದು ಸಲ್ಲದು. ಹೈಡ್ರಾಲಿಕ್ ಬ್ರೇಕ್, ಫೋರ್ಕುಗಳ ಕೆಲಸ ಎಲ್ಲ ಸೈಕಲ್ ಅಂಗಡಿಗಳಲ್ಲೂ ಆಗುವುದಿಲ್ಲ. ಹಿರಿಯೂರು, ಚಿತ್ರದುರ್ಗದಲ್ಲಿ ವಿಚಾರಿಸಿ, ಆಗದಿದ್ದರೆ ತುಮಕೂರಿಗೋ ಬೆಂಗಳೂರಿಗೋ ಒಯ್ಯುವ ಖರ್ಚನ್ನು ಮೊದಲೇ ಲೆಕ್ಕಕ್ಕೆ ಸೇರಿಸಬೇಕು.

ಎಲ್ಲಿ ಓಡಿಸಬಹುದು?

ಬಂಡಿ ಜಾಡು, ಕೆರೆ ಏರಿ, ಊರಿನಿಂದ ಹಟ್ಟಿಗಳಿಗೆ ಹೋಗುವ ಹಾದಿಗಳು ಅಭ್ಯಾಸಕ್ಕೆ ಸಾಕು. ಜೋಗಿಮಟ್ಟಿ ವನ್ಯಜೀವಿ ಧಾಮವಾಗಿರುವುದರಿಂದ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಒಳಗೆ ಸೈಕಲ್ ಒಯ್ಯುವಂತಿಲ್ಲ. ಚಿರತೆ, ಕರಡಿಗಳ ಓಡಾಟವೂ ಅಲ್ಲಿದೆ. ಹೊಲದ ಹಾದಿಯಲ್ಲಿ ಹೋಗುವಾಗ ಮಾಲೀಕರನ್ನು ಒಂದು ಮಾತು ಕೇಳುವುದು, ಕುರಿ ಹಿಂಡು ಎದುರಾದಾಗ ಇಳಿದು ನಿಲ್ಲುವುದು ಮುಂದೆ ಬರುವ ಸವಾರರಿಗೂ ದಾರಿ ಉಳಿಸುತ್ತದೆ. ಹೆದ್ದಾರಿಯನ್ನು ದಾಟಲೇಬೇಕಾದಲ್ಲಿ ಸೈಕಲ್ಲಿನಿಂದ ಇಳಿದು ದಾಟಬೇಕು.

ಕೊನೆಯ ಮಾತು

ಹಣ ಸೀಮಿತವಾಗಿದ್ದಾಗ ಆದ್ಯತೆಯ ಕ್ರಮ ಹೀಗಿರಲಿ: ದೇಹಕ್ಕೆ ಹೊಂದುವ ಅಳತೆ, ಹೈಡ್ರಾಲಿಕ್ ಬ್ರೇಕ್, ಕ್ಯಾಸೆಟ್ ಇರುವ ಹಿಂಚಕ್ರ, ಮುಳ್ಳಿಗೆ ಜಗ್ಗದ ಟೈರು, ನಂತರ ಫೋರ್ಕ್, ಕೊನೆಗೆ ಗೇರುಗಳ ಸಂಖ್ಯೆ ಮತ್ತು ಬಣ್ಣ. ಮೊದಲ ಮೂರರಲ್ಲಿ ಒಂದು ಇಲ್ಲದಿದ್ದರೂ ಆ ಸೈಕಲ್ಲನ್ನು ಕೊಳ್ಳದೆ, ಇನ್ನೂ ಆರು ತಿಂಗಳು ಹಳೆಯ ಸೈಕಲ್ಲಿನಲ್ಲೇ ನಿಧಾನವಾಗಿ ಇಳಿಯುತ್ತಾ ಹಣ ಕೂಡಿಡುವುದು ಒಳಿತು.